ನಾಲ್ಕು ವರ್ಷದ ಫೋನ್ ಏದುಸಿರು ಬಿಡುತ್ತಿದೆ, ಐಫೋನ್‌ಗೆ ಹೋಗಲಾ ಬೇಡವಾ?

ಗಲ್ಲಾಪೆಟ್ಟಿಗೆ, ಮಾಟುಂಗಾ
ಎಲ್ಲರಿಗೂ ನಮಸ್ಕಾರ. ನಾನು ಮಾಟುಂಗಾದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುವವನು. ಊರು ಕುಂದಾಪುರದ ಹತ್ತಿರ, ಮುಂಬಯಿಗೆ ಬಂದು 26 ವರ್ಷ ಆಯಿತು. ನನ್ನ ಆಂಡ್ರಾಯ್ಡ್ ಫೋನನ್ನು 2021ರಲ್ಲಿ 12 ಸಾವಿರ ಕೊಟ್ಟು ತೆಗೆದುಕೊಂಡದ್ದು. 4 ಜಿಬಿ ರ‍್ಯಾಮ್ (ಆಪ್ ಓಡುವಾಗ ಬಳಸುವ ಮೆಮೊರಿ), 64 ಜಿಬಿ ಸ್ಟೋರೇಜ್ (ಫೋಟೋ, ಆಪ್ ಎಲ್ಲ ಇಡುವ ಜಾಗ). ಕಂಪನಿ ಹೆಸರು ಹೇಳುವುದಿಲ್ಲ, ಹೇಳಿದರೆ ಇಲ್ಲಿ ಜಗಳ ಶುರುವಾಗುತ್ತದೆ.

ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ನಮಗೆ ಪುರಸೊತ್ತೇ ಇಲ್ಲ. ಆಗಲೇ ಹಾಲಿನವನು ಬರುತ್ತಾನೆ. ಅವನಿಗೆ ದುಡ್ಡು ಕಳಿಸೋಣ ಅಂತ ಯುಪಿಐ ಆಪ್ ಒತ್ತಿದರೆ ಬಿಳಿ ಪರದೆ. ನಿನ್ನೆ ಗಡಿಯಾರ ನೋಡಿ ಎಣಿಸಿದೆ, ಹದಿನೇಳು ಸೆಕೆಂಡ್. ಹಾಲಿನವನು ಒಂದು ಕಾಲು ನೆಲಕ್ಕೆ, ಒಂದು ಕಾಲು ಪೆಡಲಿಗೆ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದ. ಸಾಲದ್ದಕ್ಕೆ 35% ಚಾರ್ಜ್ ತೋರಿಸುತ್ತಿರುವಾಗಲೇ ಫೋನ್ ಬಂದ್ ಆಗುತ್ತದೆ.

ಮಗ ಹೇಳುತ್ತಾನೆ, "ಪಪ್ಪಾ, ಐಫೋನ್ ತಗೊಳ್ಳಿ, ಆರು ವರ್ಷ ತಲೆನೋವಿಲ್ಲ." ಎರಡೇ ವರ್ಷಕ್ಕೆ ಅದು ಅವನ ಕೈಗೆ ಹೋಗುತ್ತದೆ ಅಂತ ನನಗೂ ಗೊತ್ತು. ನಿಜವಾಗಿ ಐಫೋನ್ ನಿಧಾನ ಆಗುವುದೇ ಇಲ್ಲವಾ? ಅಥವಾ ಇದಕ್ಕೇ ಏನಾದರೂ ಔಷಧಿ ಇದೆಯಾ?

ಡೊಂಬಿವಲಿ ಫಾಸ್ಟ್
ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ ಅಣ್ಣಾ, ಮಗ ಹೇಳಿದ್ದು ಸರಿ. ನನ್ನದು ಐಫೋನ್ 11. 2020ರಲ್ಲಿ ತೆಗೆದುಕೊಂಡದ್ದು, ಇವತ್ತಿಗೂ ಅದರಲ್ಲೇ ಇದನ್ನು ಬರೆಯುತ್ತಿದ್ದೇನೆ, ಅದೂ ಲೋಕಲ್ ರೈಲು ಠಾಣೆ ದಾಟಿದ ಮೇಲೆ ಒಂದು ಕೈಯಲ್ಲಿ ಹಿಡಿ ಹಿಡಿದುಕೊಂಡು. 2019ರ ಮಾಡೆಲ್. 2025ರ ಸೆಪ್ಟೆಂಬರ್‌ನಲ್ಲಿ ಬಂದ ಐಓಎಸ್ 26 (ಐಫೋನ್‌ನ ಸಾಫ್ಟ್‌ವೇರ್) ಇದಕ್ಕೂ ಬಂತು. ಆರು ವರ್ಷದ ಹಿಂದಿನ ಎಷ್ಟು ಆಂಡ್ರಾಯ್ಡ್‌ಗೆ ಹೊಸ ಆವೃತ್ತಿ ಬಂದಿದೆ, ಯಾರಾದರೂ ಹೇಳಿ ನೋಡೋಣ.

ಹಿಂಜವಡಿ ಹುಡುಗ
ಶುರುವಾಯಿತು ನೋಡ್ರಿ :)

ಗಲ್ಲಾ ಸರ್, ಮೊದಲು ಮೂರು ವಿಷಯ ಹೇಳಿ. ಸ್ಟೋರೇಜ್‌ನಲ್ಲಿ ಎಷ್ಟು ಜಾಗ ಖಾಲಿ ಇದೆ? ಬ್ಯಾಟರಿ ಯಾವತ್ತಾದರೂ ಬದಲಿಸಿದ್ದೀರಾ? ಸೆಟ್ಟಿಂಗ್ಸ್‌ನ ಕೊನೆಗೆ ಹೋಗಿ 'ಫೋನ್ ಬಗ್ಗೆ' ಅಂತ ಇರುವಲ್ಲಿ ಆಂಡ್ರಾಯ್ಡ್ ಆವೃತ್ತಿ ಒತ್ತಿದರೆ 'ಸೆಕ್ಯುರಿಟಿ ಅಪ್‌ಡೇಟ್' ಅಂತ ಒಂದು ತಾರೀಕು ಕಾಣುತ್ತದೆ. ಅದು ಯಾವುದು? ಇಷ್ಟು ಗೊತ್ತಿಲ್ಲದೆ 'ಇದು ಕೊಳ್ಳಿ, ಅದು ಕೊಳ್ಳಿ' ಅನ್ನುವುದು ನಾಡಿ ಹಿಡಿಯದೆ ಮಾತ್ರೆ ಕೊಟ್ಟ ಹಾಗೆ.

ಗಲ್ಲಾಪೆಟ್ಟಿಗೆ, ಮಾಟುಂಗಾ
ನೋಡಿದೆ. 64ರಲ್ಲಿ 1.3 ಜಿಬಿ ಖಾಲಿ. ಬ್ಯಾಟರಿ ಬದಲಿಸಿಲ್ಲ. ತಾರೀಕು 2023ರ ಆಗಸ್ಟ್. ಅದೇನು, ಅದಕ್ಕೂ ನಿಧಾನಕ್ಕೂ ಸಂಬಂಧ ಇದೆಯಾ?

ಹಿಂಜವಡಿ ಹುಡುಗ
ಮೂರಕ್ಕೆ ಮೂರೂ ಕೆಟ್ಟ ಸುದ್ದಿ. ಕೊನೆಯದಕ್ಕೂ ನಿಧಾನಕ್ಕೂ ಸಂಬಂಧ ಇಲ್ಲ, ಆದರೆ ನನ್ನ ಲೆಕ್ಕದಲ್ಲಿ ಅದೇ ದೊಡ್ಡದು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಸ್ಟೋರೇಜ್. ಫೋನಿನೊಳಗಿನ ಮೆಮೊರಿ ಪಾಟಿ ಇದ್ದ ಹಾಗೆ ಅಲ್ಲ, ಒಂದು ಅಕ್ಷರ ಮಾತ್ರ ಒರೆಸಿ ಅಲ್ಲೇ ಇನ್ನೊಂದು ಬರೆಯಲು ಆಗುವುದಿಲ್ಲ. ಅಳಿಸುವುದಾದರೆ ದೊಡ್ಡ ಬ್ಲಾಕ್ ಪೂರ್ತಿ ಅಳಿಸಬೇಕು. ಆ ಬ್ಲಾಕ್‌ನಲ್ಲಿ ಇನ್ನೂ ಬೇಕಾದದ್ದು ಏನಾದರೂ ಇದ್ದರೆ ಅದನ್ನು ಮೊದಲು ಬೇರೆ ಕಡೆ ಎತ್ತಿಡಬೇಕು. ನಿಮ್ಮ ಹೋಟೆಲಿನಲ್ಲಿ ಎಲ್ಲ ಟೇಬಲೂ ತುಂಬಿರುವಾಗ ಹತ್ತು ಜನ ಒಟ್ಟಿಗೆ ಬಂದರೆ ಏನು ಮಾಡುತ್ತೀರಿ? ಇವರನ್ನು ಅಲ್ಲಿ ಸರಿಸು, ಅವರನ್ನು ಇಲ್ಲಿ ಕೂರಿಸು, ಟೇಬಲ್ ಒರೆಸು. ಒಂದು ಮೂಲೆಯಲ್ಲಿ ನಾಲ್ಕು ಟೇಬಲ್ ಖಾಲಿ ಇದ್ದಿದ್ದರೆ ಈ ಗೋಳೇ ಇರುತ್ತಿರಲಿಲ್ಲ. 64ರಲ್ಲಿ ಒಂದು 10 ಜಿಬಿ ಖಾಲಿ ಬಿಡಿ, ಅಷ್ಟಕ್ಕೇ ಫೋನ್ ಅರ್ಧ ಸರಿ ಹೋಗುತ್ತದೆ. ರಾತ್ರಿ ಚಾರ್ಜ್‌ಗೆ ಹಾಕಿ ಸುಮ್ಮನೆ ಬಿಟ್ಟಾಗ ಆಂಡ್ರಾಯ್ಡ್ ತಾನೇ ಅಳಿಸಿದ ಜಾಗವನ್ನೆಲ್ಲ ಗುಡಿಸಿ ಇಡುತ್ತದೆ. ಹಾಗಾಗಿ ಒಂದೆರಡು ರಾತ್ರಿ ಕಾಯಿರಿ.

ಇನ್ನೊಂದು ಮಾತು. ಅಗ್ಗದ ಫೋನಿನಲ್ಲಿ ಬರುವುದು ಹೆಚ್ಚಾಗಿ ಇಎಂಎಂಸಿ ಅನ್ನುವ ಬಗೆಯ ಸ್ಟೋರೇಜ್. ಅದು ಒಂದೇ ಹೊತ್ತಿಗೆ ಓದಲೂ ಬರೆಯಲೂ ಆರದು. ದುಬಾರಿ ಆಂಡ್ರಾಯ್ಡ್‌ಗಳಲ್ಲಿ ಇರುವ ಯುಎಫ್‌ಎಸ್ ಎರಡನ್ನೂ ಒಟ್ಟಿಗೆ ಮಾಡುತ್ತದೆ. ಐಫೋನ್‌ನಲ್ಲಿ 2015ರ 6ಎಸ್‌ನಿಂದಲೇ ಕಂಪ್ಯೂಟರಿನ ಎಸ್‌ಎಸ್‌ಡಿ (ವೇಗದ ಸ್ಟೋರೇಜ್) ಥರದ್ದು ಇದೆ. ಈಗ ಹೇಳಿ, 12 ಸಾವಿರದ ಫೋನನ್ನು 60 ಸಾವಿರದ ಐಫೋನ್ ಪಕ್ಕ ಇಟ್ಟು 'ಆಂಡ್ರಾಯ್ಡ್ ನಿಧಾನ' ಅಂದರೆ ಅದು ಆಂಡ್ರಾಯ್ಡ್ ತಪ್ಪಾ, 48 ಸಾವಿರದ ತಪ್ಪಾ?

ಡೊಂಬಿವಲಿ ಫಾಸ್ಟ್
ಅದು ಸರಿ. ಆದರೆ ಒಂದು ಹೇಳಿ. ನನ್ನದರಲ್ಲೂ 4 ಜಿಬಿ ರ‍್ಯಾಮ್, ಅಣ್ಣನದರಲ್ಲೂ 4 ಜಿಬಿ. ನನ್ನದು ಓಡುತ್ತದೆ, ಅವರದು ತೆವಳುತ್ತದೆ. ಯಾಕೆ?

ಹಿಂಜವಡಿ ಹುಡುಗ
ಒಳ್ಳೆಯ ಪ್ರಶ್ನೆ. ನನಗೆ ದಿನಾ ಆಫೀಸಿನಲ್ಲಿ ಇದೇ ಕೆಲಸ, ಆಪ್ ಯಾಕೆ ತಡವಾಗಿ ತೆರೆಯುತ್ತದೆ ಅಂತ ಹುಡುಕುವುದು. ನಮ್ಮ ಟೇಬಲ್ ಮೇಲೆ ಹನ್ನೊಂದು ಫೋನ್ ಇವೆ, ಎರಡು ಐಫೋನ್, ಉಳಿದದ್ದು ಆಂಡ್ರಾಯ್ಡ್.

ಐಫೋನ್‌ನಲ್ಲಿ ನೀವು ಆಪ್‌ನಿಂದ ಹೊರಗೆ ಬಂದ ಸ್ವಲ್ಪ ಹೊತ್ತಿಗೆ ಅದನ್ನು ಇದ್ದ ಭಂಗಿಯಲ್ಲೇ ನಿಲ್ಲಿಸಿಬಿಡುತ್ತಾರೆ. ಹಾಡು, ಮ್ಯಾಪು, ಕರೆ ಇಂಥ ಕೆಲವಕ್ಕೆ ಮಾತ್ರ ಹಿಂದೆ ಓಡಲು ಪರವಾನಗಿ. ಆಂಡ್ರಾಯ್ಡ್ ಮೊದಲಿನಿಂದ ಈ ವಿಷಯದಲ್ಲಿ ಧಾರಾಳಿ. ಈಚಿನ ಆವೃತ್ತಿಗಳಲ್ಲಿ ಬಿಗಿ ಮಾಡಿದ್ದಾರೆ, ಆದರೂ ಹಿಂದೆ ಓಡುವ ಆಪ್ ಜಾಸ್ತಿಯೇ. ಆಮೇಲೆ ಐಫೋನ್ ಆಪ್‌ಗಳು ಚಿಪ್‌ಗೆ ನೇರ ಅರ್ಥವಾಗುವ ಭಾಷೆಯಲ್ಲೇ ಬಂದು ಕೂರುತ್ತವೆ. ಆಂಡ್ರಾಯ್ಡ್‌ನಲ್ಲಿ ಸಾವಿರಾರು ಬಗೆಯ ಫೋನ್ ಇರುವುದರಿಂದ ಆಪ್ ನಡುವಿನ ಒಂದು ರೂಪದಲ್ಲಿ ಬರುತ್ತದೆ, ಫೋನ್ ಅದನ್ನು ತನಗೆ ಬೇಕಾದ ಹಾಗೆ ತಿರುಗಿಸಿಕೊಳ್ಳುತ್ತದೆ, ಅದಕ್ಕೆ ಮೆಮೊರಿ ಸ್ವಲ್ಪ ಹೆಚ್ಚು ಬೇಕು. ಆಪಲ್ ತನ್ನ ಫೋನಿನ ವಿವರಗಳಲ್ಲಿ ರ‍್ಯಾಮ್ ಎಷ್ಟು ಅಂತ ಬರೆಯುವುದೇ ಇಲ್ಲ, ಗಮನಿಸಿದ್ದೀರಾ? ಹಾಗಾಗಿ 4ಕ್ಕೆ 4 ಹೋಲಿಸುವುದೇ ತಪ್ಪು. ಆಂಡ್ರಾಯ್ಡ್ ಕೊಳ್ಳುವುದಾದರೆ ಈಗ 8 ನೋಡಿ.

'ಹೆಚ್ಚುವರಿ ವರ್ಚುವಲ್ ರ‍್ಯಾಮ್' ಅಂತ ಡಬ್ಬಿ ಮೇಲೆ ಬರೆದಿರುತ್ತಾರಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅದು ಸ್ಟೋರೇಜ್‌ನ ಒಂದು ತುಂಡನ್ನು ರ‍್ಯಾಮ್ ಥರ ಬಳಸುವುದು. ಮೊದಲೇ ಕುಂಟುವ ಸ್ಟೋರೇಜ್ ಮೇಲೆ ಇನ್ನೊಂದು ಮೂಟೆ.

ಕೊತ್ರೂಡ್ ಮಗಳು
ನಡುವೆ ಬಾಯಿ ಹಾಕುತ್ತೇನೆ. ಗಲ್ಲಾ ಅಣ್ಣನ ಕಥೆ ಪೂರ್ತಿ ನಮ್ಮ ಅಮ್ಮನದೇ. ಅಮ್ಮನಿಗೆ 71. ಪುಣೆಗೆ ಬಂದ ಮೇಲೆ ಅವರ ಊರು, ನೆಂಟರು ಎಲ್ಲ ಆ ಫೋನಿನಲ್ಲೇ. ಹದಿನಾಲ್ಕು ವಾಟ್ಸಾಪ್ ಗುಂಪು. ಒಂದು ಭಾನುವಾರ ಕುಳಿತು ನೋಡಿದರೆ ವಾಟ್ಸಾಪ್ ಒಂದೇ 19 ಜಿಬಿ ನುಂಗಿತ್ತು. ತೆರೆದು ನೋಡಿದರೆ ಬರೀ 'ಶುಭೋದಯ'. ದಾಸವಾಳದ ಮೇಲೆ ಶುಭೋದಯ, ಕಾಫಿ ಲೋಟದ ಮೇಲೆ ಶುಭೋದಯ, ರಾಯರ ಬೃಂದಾವನದ ಪಕ್ಕ ಶುಭೋದಯ. ಒಂದೇ ಚಿತ್ರ ಆರು ಗುಂಪಿನಿಂದ ಆರು ಸಲ.

ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ 'ಸ್ಟೋರೇಜ್ ಮತ್ತು ಡೇಟಾ' ಅಂತ ಇದೆ. ಅದರೊಳಗೆ ಯಾವ ಗುಂಪು ಎಷ್ಟು ಜಾಗ ತಿಂದಿದೆ ಅಂತ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಕಾಣುತ್ತದೆ. ಅಲ್ಲೇ ಆರಿಸಿ ಅಳಿಸಬಹುದು. ಫೋಟೋ, ವಿಡಿಯೋ ತಾನಾಗಿ ಇಳಿಯುವುದನ್ನೂ ಅಲ್ಲೇ ನಿಲ್ಲಿಸಿ. ಅಳಿಸುವ ಮೊದಲು ಮೊಮ್ಮಕ್ಕಳ ಫೋಟೋ ಬೇರೆ ಕಡೆ ಇಟ್ಟುಕೊಳ್ಳಿ. ನಾನು ಇಡಲಿಲ್ಲ. ಅಮ್ಮ ಎರಡು ದಿನ ಮಾತು ಬಿಟ್ಟಿದ್ದರು.

ಇನ್ನೊಂದು. 'ನಿಮ್ಮ ಫೋನ್ ಬಿಸಿಯಾಗಿದೆ, ಈಗಲೇ ಕ್ಲೀನ್ ಮಾಡಿ' ಅಂತ ಹೆದರಿಸುವ ಕ್ಲೀನರ್ ಆಪ್ ಮೂರು ಇದ್ದವು ಅಮ್ಮನ ಫೋನಿನಲ್ಲಿ. ಕರೆ ಮುಗಿದ ಕೂಡಲೇ ಪರದೆ ತುಂಬ ಜಾಹೀರಾತು. ಯಾವ ಆಪ್ ಅಂತ ಗೊತ್ತಾಗದೆ ಸೇಫ್ ಮೋಡ್‌ನಲ್ಲಿ ಶುರು ಮಾಡಿದೆ, ಆಗ ನಾವು ಹಾಕಿದ ಆಪ್ ಯಾವುದೂ ಓಡುವುದಿಲ್ಲ, ಜಾಹೀರಾತು ನಿಂತಿತು. ಆಮೇಲೆ ಒಂದೊಂದಾಗಿ ಕಿತ್ತು ಹಾಕಿದೆ.

ಲ್ಯಾಮಿಂಗ್ಟನ್ ರಿಪೇರಿ
ಮಗಳೇ ನೀನು ನನ್ನ ಅರ್ಧ ಗಿರಾಕಿಗಳನ್ನು ಓಡಿಸಿಬಿಟ್ಟೆ.

ನಾನು ಲ್ಯಾಮಿಂಗ್ಟನ್ ರೋಡಿನಲ್ಲಿ ಫೋನ್ ಬಿಚ್ಚಲು ಶುರು ಮಾಡಿ ಹದಿನೈದು ವರ್ಷ ಆಯಿತು, ಅದಕ್ಕೆ ಮೊದಲು ಟೇಪ್‌ರೆಕಾರ್ಡರ್. ಗಲ್ಲಾ ಅಣ್ಣಾ, ನಿಮ್ಮ ಫೋನ್ 35%ನಲ್ಲಿ ಬಂದ್ ಆಗುತ್ತದೆ ಅಂದಿರಲ್ಲ, ಅದು ಬ್ಯಾಟರಿಯೇ, ನೋಡದೆ ಹೇಳುತ್ತೇನೆ. ಜನ ತಿಳಿದುಕೊಂಡಿರುವುದು ಹಳೆಯ ಬ್ಯಾಟರಿ ಅಂದರೆ ಬೇಗ ಖಾಲಿ ಆಗುವ ಬ್ಯಾಟರಿ ಅಂತ. ಅಷ್ಟೇ ಅಲ್ಲ. ನಮ್ಮ ಚಾಳಿನಲ್ಲಿ ಬೆಳಿಗ್ಗೆ ನೀರು ಬಿಡುವಾಗ ನೋಡಿ. ಮೇಲೆ ಟ್ಯಾಂಕ್ ತುಂಬಿದೆ, ಆದರೆ ಪೈಪಿನೊಳಗೆ ತುಕ್ಕು. ಒಂದು ನಲ್ಲಿ ಬಿಟ್ಟರೆ ನೀರು ಬರುತ್ತದೆ, ನಾಲ್ಕು ಮನೆಯವರು ಒಟ್ಟಿಗೆ ಬಿಟ್ಟರೆ ಎಲ್ಲರಿಗೂ ಬರೀ ಗಾಳಿ. ಬ್ಯಾಟರಿ ಹಳತಾದರೆ ಒಳಗಿನ ತಡೆ ಏರುತ್ತದೆ. ಯುಪಿಐ ಆಪ್ ತೆರೆದಾಗ ಪ್ರೊಸೆಸರ್ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತದೆ, ವೋಲ್ಟೇಜ್ ಧಪ್ಪನೆ ಬೀಳುತ್ತದೆ, ಫೋನ್ ಬಂದ್.

ಇಲ್ಲಿ ಡೊಂಬಿವಲಿ ಅಕ್ಕನಿಗೆ ಒಂದು ನೆನಪು ಮಾಡುತ್ತೇನೆ. ಹೀಗೆ ಬಂದ್ ಆಗಬಾರದು ಅಂತ ಆಪಲ್ ಹಳೆಯ ಬ್ಯಾಟರಿಯ ಐಫೋನ್‌ಗಳ ವೇಗವನ್ನು ಸಾಫ್ಟ್‌ವೇರ್‌ನಲ್ಲೇ ಇಳಿಸಿತ್ತು, ಯಾರಿಗೂ ಸರಿಯಾಗಿ ಹೇಳದೆ. 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡರು. ದೊಡ್ಡ ಗಲಾಟೆ. ಅಮೆರಿಕದಲ್ಲಿ 79 ಡಾಲರ್ ಇದ್ದ ಬ್ಯಾಟರಿ ಬದಲಾವಣೆಯನ್ನು 29 ಡಾಲರ್‌ಗೆ ಇಳಿಸಿದರು, 2020ರಲ್ಲಿ ಫ್ರಾನ್ಸ್ 2.5 ಕೋಟಿ ಯೂರೋ ದಂಡ ಹಾಕಿತು. ಸೆಟ್ಟಿಂಗ್ಸ್‌ನಲ್ಲಿ ಈಗ ಬ್ಯಾಟರಿ ಆರೋಗ್ಯ ಅಂತ ಶೇಕಡಾವಾರು ತೋರಿಸುತ್ತಾರಲ್ಲ, ಅದು ಆ ಗಲಾಟೆಯ ನಂತರ, 2018ರ ಐಓಎಸ್ 11.3ರಲ್ಲಿ ಬಂದದ್ದು. ಆಗ ನನ್ನ ಅಂಗಡಿಗೆ ಐಫೋನ್ 6 ಹಿಡಿದುಕೊಂಡು ಬಂದವರು ಬ್ಯಾಟರಿ ಹಾಕಿಸಿಕೊಂಡು 'ಹೊಸ ಫೋನ್ ಆಯಿತಲ್ಲ' ಅಂತ ಬಾಯಿ ಬಿಟ್ಟು ನೋಡುತ್ತಿದ್ದರು.

ಡೊಂಬಿವಲಿ ಫಾಸ್ಟ್
ಒಪ್ಪಿದೆ. ನಾನೂ ಎರಡು ವರ್ಷದ ಹಿಂದೆ 78%ಗೆ ಇಳಿದಾಗ ಹಾಕಿಸಿದೆ. ಆದರೆ ತಪ್ಪು ಮಾಡಿದ್ದು ಒಬ್ಬರೇ ಅಲ್ಲವಲ್ಲ. 2022ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್22ರಲ್ಲಿ ಗೇಮ್‌ಗಾಗಿ ಅಂತ ಇಟ್ಟ ಒಂದು ಸೇವೆ ಸಾವಿರಾರು ಆಪ್‌ಗಳ ವೇಗ ತಗ್ಗಿಸುತ್ತಿತ್ತು, ವೇಗ ಅಳೆಯುವ ಆಪ್‌ಗಳನ್ನು ಮಾತ್ರ ಮುಟ್ಟುತ್ತಿರಲಿಲ್ಲ ಅಂತ ಗೊತ್ತಾಗಿ, ಫೋನಿನ ವೇಗ ಅಳೆದು ಅಂಕ ಕೊಡುವ ಗೀಕ್‌ಬೆಂಚ್‌ನವರು ತಮ್ಮ ಪಟ್ಟಿಯಿಂದಲೇ ಅದನ್ನು ತೆಗೆದರು.

ಹಿಂಜವಡಿ ಹುಡುಗ
ಹೌದು, ಆಮೇಲೆ ಅದಕ್ಕೂ ಅಪ್‌ಡೇಟ್ ಕೊಟ್ಟರು. ಅದಕ್ಕೇ ನಾನು ಅಂಕ ನೋಡಿ ಫೋನ್ ಕೊಳ್ಳುವವರಿಗೆ ನಗುತ್ತೇನೆ. ಮೂರು ನಿಮಿಷದ ಪರೀಕ್ಷೆ, ಅದೂ ಎಸಿ ಕೋಣೆಯಲ್ಲಿ. ಮೇ ತಿಂಗಳಲ್ಲಿ ಬೈಕ್ ಹ್ಯಾಂಡಲ್‌ಗೆ ಫೋನ್ ಸಿಕ್ಕಿಸಿ ಮ್ಯಾಪ್ ಹಾಕಿಕೊಂಡು ಸಿಂಹಗಡ ರಸ್ತೆಯಲ್ಲಿ ಹೋಗಿ, ಆಗ ಯಾವುದರ ಬಂಡವಾಳ ಎಷ್ಟು ಅಂತ ಗೊತ್ತಾಗುತ್ತದೆ. ಆಪಲ್ ಹೇಳುವುದೇ 0ಯಿಂದ 35 ಡಿಗ್ರಿ ಸೆಲ್ಸಿಯಸ್ ಒಳಗಿನ ಹವೆಯಲ್ಲಿ ಬಳಸಿ ಅಂತ. ಪುಣೆಯ ಏಪ್ರಿಲ್‌ಗೆ ಇದನ್ನು ಯಾರು ಹೇಳುತ್ತಾರೆ? ಬಿಸಿಯಾದರೆ ಯಾವ ಕಂಪನಿಯ ಫೋನೇ ಆಗಲಿ ವೇಗ ಇಳಿಸುತ್ತದೆ, ಪರದೆ ಮಬ್ಬು ಮಾಡುತ್ತದೆ, ಚಾರ್ಜ್ ತಡೆಯುತ್ತದೆ.

ವಾಸ್ಕೋ ಬಂದರು
ಬಿಸಿ ಬಿಡ್ರಿ, ನಮ್ಮ ಗೋವಾದಾಗ ಉಪ್ಪಿನ ಕಾಟ. ನಾನು ಗದಗದವ, ಇಲ್ಲಿ ಬಂದರಿನಲ್ಲಿ ಕೆಲಸ. ಕಳೆದ ವರ್ಷ ಬೋಗಮಾಳೋ ಬೀಚಿಗೆ ಊರಿಂದ ಬಂದ ಅಳಿಯನ ಕರೆದುಕೊಂಡು ಹೋಗಿದ್ದೆ. ಫೋನ್ ಡಬ್ಬಿ ಮೇಲೆ ಐಪಿ68 (ನೀರು, ಧೂಳು ತಡೆಯುವ ಗುರುತು) ಅಂತ ಇತ್ತು, ಅಂಗಡಿಯವನೂ 'ವಾಟರ್‌ಪ್ರೂಫ್' ಅಂದಿದ್ದ. ಅಳಿಯ ಅದನ್ನು ಹಿಡಿದುಕೊಂಡು ಅಲೆಯಲ್ಲಿ ವಿಡಿಯೋ ಮಾಡಿದ. ಸಂಜೆವರೆಗೆ ಸರಿ ಇತ್ತು. ಮನೆಗೆ ಬಂದು ಚಾರ್ಜ್‌ಗೆ ಹಾಕಿದೆ ನೋಡ್ರಿ, ಅಲ್ಲಿಗೆ ಮುಗೀತು. ಸರ್ವಿಸ್ ಸೆಂಟರ್‌ನವರು ಬಿಚ್ಚಿ ಫೋಟೋ ತೋರಿಸಿದರು, ಪೋರ್ಟ್ ಒಳಗೆ ಹಸಿರು ಹಿಡಿದಿತ್ತು. 'ನೀರು ಹೋದರೆ ವಾರಂಟಿ ಇಲ್ಲ' ಅಂದರು. ಅಕ್ಕಿ ಡಬ್ಬದಲ್ಲಿ ಎರಡು ದಿನ ಇಟ್ಟಿದ್ದೂ ಆಯಿತು.

ಲ್ಯಾಮಿಂಗ್ಟನ್ ರಿಪೇರಿ
ಅಕ್ಕಿಯಲ್ಲಿ ಇಟ್ಟ ಫೋನ್ ಬಂದರೆ ನನಗೆ ಮೊದಲು ಅಕ್ಕಿ ನುಚ್ಚು ತೆಗೆಯುವ ಕೆಲಸ ಮಾರಾಯ್ರೆ! ಅಕ್ಕಿಯಲ್ಲಿ ಇಡಬೇಡಿ ಅಂತ ಆಪಲ್ ತನ್ನ ಸಹಾಯ ಪುಟದಲ್ಲೇ ಬರೆದಿದೆ, ಸಣ್ಣ ಕಣ ಒಳಗೆ ಹೋಗಿ ಹಾಳಾಗುತ್ತದೆ ಅಂತ. ಪೋರ್ಟ್ ಕೆಳಗೆ ಬರುವ ಹಾಗೆ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ, ಗಾಳಿ ಆಡುವ ಕಡೆ ಇಡಿ, ಪೂರ್ತಿ ಒಣಗುವವರೆಗೆ ಕೇಬಲ್ ಹಾಕಲೇಬೇಡಿ. ಹಾಳು ಮಾಡುವುದು ನೀರಿಗಿಂತ ಹೆಚ್ಚಾಗಿ ಒದ್ದೆ ಇರುವಾಗ ಹಾಕಿದ ಚಾರ್ಜರ್.

ಮತ್ತೆ ಆ ಐಪಿ68 ಪರೀಕ್ಷೆ ಮಾಡುವುದು ಸಿಹಿನೀರಿನಲ್ಲಿ. ಸಮುದ್ರದ ನೀರು ಬೇರೆ ಕಥೆ. ಅದೂ ಹೊಸ ಫೋನಿಗೆ. ಒಳಗಿನ ಅಂಟು, ರಬ್ಬರ್ ವರ್ಷ ಕಳೆದ ಹಾಗೆ ಸಡಿಲವಾಗುತ್ತದೆ. ಒಮ್ಮೆ ನನ್ನಂಥವನು ಬಿಚ್ಚಿದ ಮೇಲಂತೂ ಆ ಅಂಕಿಯನ್ನು ಮರೆತುಬಿಡಿ, ನಾನು ಎಷ್ಟೇ ನೀಟಾಗಿ ಹೊಸ ಗಮ್ ಟೇಪ್ ಹಾಕಲಿ. ಇದು ಐಫೋನ್‌ಗೂ ಅಷ್ಟೇ, ಆಂಡ್ರಾಯ್ಡ್‌ಗೂ ಅಷ್ಟೇ.

ಇನ್ನು ಬಿಡಿಭಾಗದ ವಿಷಯ. ಆಂಡ್ರಾಯ್ಡ್‌ಗೆ ಸಾಮಾನು ಎಲ್ಲ ಕಡೆ ಸಿಗುತ್ತದೆ, ಅಗ್ಗ, ಆದರೆ ಒಳ್ಳೆಯದು ಯಾವುದು ಕಾಪಿ ಯಾವುದು ಅಂತ ಕಂಡುಹಿಡಿಯಲು ನನಗೇ ಕಷ್ಟ. ನಾಲ್ಕು ವರ್ಷ ಹಳೆಯ ಅಪರೂಪದ ಮಾಡೆಲ್ ಆದರೆ ಫೋಲ್ಡರ್ ಸಿಗುವುದೂ ಕಷ್ಟ (ನಾವು ಡಿಸ್‌ಪ್ಲೇಗೆ ಫೋಲ್ಡರ್ ಅನ್ನುತ್ತೇವೆ). ಐಫೋನ್‌ಗೆ ಮಾಡೆಲ್ ಕಡಿಮೆ, ಹಾಗಾಗಿ ಹತ್ತು ವರ್ಷದ ಹಿಂದಿನದಕ್ಕೂ ಸಾಮಾನು ಇದೆ. ಆದರೆ ಎಕ್ಸ್‌ಎಸ್, ಎಕ್ಸ್‌ಆರ್‌ನಿಂದ ಈಚೆಗೆ ಹೊರಗಿನ ಬ್ಯಾಟರಿ ಹಾಕಿದರೆ 'ಇದು ಅಸಲಿಯಾ ಅಂತ ಗೊತ್ತಿಲ್ಲ' ಅಂತ ಸೆಟ್ಟಿಂಗ್ಸ್‌ನಲ್ಲಿ ಬರೆದು ಬಿಡುತ್ತದೆ. ಫೋನ್ ಓಡುತ್ತದೆ, ಆದರೆ ಮಾರಲು ಹೋದಾಗ ಗಿರಾಕಿ ಮುಖ ಸಿಂಡರಿಸುತ್ತಾನೆ. ಆದ್ದರಿಂದ ಐಫೋನ್ ಇದ್ದರೆ ನನ್ನ ಹತ್ತಿರ ಬರಬೇಡಿ, ಅಧಿಕೃತ ಕಡೆಗೇ ಹೋಗಿ ಅಂತ ನಾನೇ ಹೇಳುತ್ತೇನೆ. ವ್ಯಾಪಾರ ಹೋಗಲಿ, ಬೈಗುಳ ತಪ್ಪುತ್ತದೆ.

ಹಳೇ ಕಿಟಕಿ, ಪಣಜಿ
ನೀವೆಲ್ಲ ಎರಡೇ ಪಕ್ಷ ಅಂತ ಮಾತಾಡುತ್ತಿದ್ದೀರಿ, ನಮ್ಮ ವಿಂಡೋಸ್ ಫೋನ್ ಪಕ್ಷ ಠೇವಣಿ ಕಳೆದುಕೊಂಡಿತು ಅಷ್ಟೇ. ನನ್ನ ಹತ್ತಿರ ಲೂಮಿಯಾ 520 ಇತ್ತು. 512 ಎಂಬಿ ರ‍್ಯಾಮ್. ಹೌದು, ಎಂಬಿ! ಬೆರಳು ಇಟ್ಟರೆ ಬೆಣ್ಣೆ ಹಾಗೆ ಜಾರುತ್ತಿತ್ತು, ಆಗಿನ ಅದೇ ಬೆಲೆಯ ಆಂಡ್ರಾಯ್ಡ್‌ಗಳೆಲ್ಲ ಹಂತಿ ಹೊಡೆಯುವ ಎತ್ತಿನ ಹಾಗೆ ಸುತ್ತುತ್ತಿದ್ದವು. ಇವತ್ತೂ ಡ್ರಾಯರ್‌ನಲ್ಲಿ ಇದೆ, ಚಾರ್ಜ್ ಹಾಕಿದರೆ ಇವತ್ತೂ ಹಾಗೇ ಜಾರುತ್ತದೆ. ಆದರೆ ಜಾರಿ ಎಲ್ಲಿಗೆ ಹೋಗಬೇಕು? 2019ರ ಡಿಸೆಂಬರ್ 31ಕ್ಕೆ ವಿಂಡೋಸ್ ಫೋನ್‌ನಲ್ಲಿ ವಾಟ್ಸಾಪ್ ನಿಂತಿತು.

ಹಿಂಜವಡಿ ಹುಡುಗ
ಕಿಟಕಿಯವರೇ, ನಾನು 'ಆಮೇಲೆ ಬರುತ್ತೇನೆ' ಅಂದದ್ದು ಇದಕ್ಕೇ. ಗಲ್ಲಾ ಸರ್, ನಿಧಾನಕ್ಕೆ ಮದ್ದು ಇದೆ. ಜಾಗ ಖಾಲಿ ಮಾಡಬಹುದು, ಬ್ಯಾಟರಿ ಹಾಕಿಸಬಹುದು. ಆದರೆ ಆ 2023ರ ಆಗಸ್ಟ್ ಅನ್ನುವ ತಾರೀಕನ್ನು ಲ್ಯಾಮಿಂಗ್ಟನ್ ರೋಡಿನಲ್ಲಿ ಯಾರೂ ಬದಲಿಸಿ ಕೊಡುವುದಿಲ್ಲ. 2015ರಿಂದ ಗೂಗಲ್ ಪ್ರತಿ ತಿಂಗಳೂ ಆಂಡ್ರಾಯ್ಡ್‌ನ ಭದ್ರತೆಯ ತೂತುಗಳ ಪಟ್ಟಿ ಬಿಡುತ್ತದೆ. ನಿಮ್ಮ ಫೋನಿಗೆ ಆ ತಾರೀಕಿನ ನಂತರದ ಬಹುತೇಕ ತೂತುಗಳನ್ನು ಮುಚ್ಚಿಲ್ಲ, ಆದರೆ ಪಟ್ಟಿ ಕಳ್ಳರ ಕೈಯಲ್ಲೂ ಇದೆ. ಇದರಲ್ಲಿ ಹೋಟೆಲಿನ ದುಡ್ಡು ಓಡಾಡುತ್ತದೆ.

ತಡ ಯಾಕೆ ಅಂದರೆ ಆಂಡ್ರಾಯ್ಡ್‌ನ ಅಪ್‌ಡೇಟ್ ಗೂಗಲ್‌ನಿಂದ ಹೊರಟು, ಚಿಪ್ ಮಾಡಿದವರ ಮನೆಗೆ ಹೋಗಿ, ಫೋನ್ ಕಂಪನಿಯ ಮನೆಗೆ ಬಂದು, ಅವರು ತಮ್ಮ ಬಣ್ಣ ಬಳಿದ ಮೇಲೆ ನಮಗೆ. ನಡುವೆ ಯಾರಾದರೂ ಒಬ್ಬರು 'ಈ ಮಾಡೆಲ್ ಹಳೆಯದು' ಅಂದರೆ ಮುಗಿಯಿತು. 2017ರ ಆಂಡ್ರಾಯ್ಡ್ 8ರಲ್ಲಿ ಚಿಪ್ಪಿನ ಭಾಗವನ್ನೂ ಮೇಲಿನ ಭಾಗವನ್ನೂ ಬೇರೆ ಮಾಡಿದರು, 2019ರ ಆಂಡ್ರಾಯ್ಡ್ 10ರಿಂದ ಕೆಲವು ಭಾಗ ನೇರ ಪ್ಲೇ ಸ್ಟೋರ್ ಮೂಲಕವೇ ಬರುತ್ತದೆ. ಹಾಗಾಗಿ ಮೊದಲಿಗಿಂತ ಪರವಾಗಿಲ್ಲ. ಆಪಲ್‌ನಲ್ಲಿ ಚಿಪ್ಪೂ ಅವರದೇ, ಸಾಫ್ಟ್‌ವೇರೂ ಅವರದೇ, ಒಂದೇ ಮನೆ. 2015ರ 6ಎಸ್‌ಗೆ ಐಓಎಸ್ 9ರಿಂದ 15ರವರೆಗೆ ಬಂತು. ಈ ಒಂದು ವಿಷಯದಲ್ಲಿ ಡೊಂಬಿವಲಿ ಅಕ್ಕ ಹೇಳಿದ್ದಕ್ಕೆ ಎದುರಾಡಲು ವರ್ಷಗಟ್ಟಲೆ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಈಗ ಇದೆ. ಗೂಗಲ್‌ನವರು ತಮ್ಮ 2023ರ ಪಿಕ್ಸೆಲ್ 8 ಫೋನಿಗೆ ಏಳು ವರ್ಷ ಅಪ್‌ಡೇಟ್ ಅಂದರು, ಮೂರು ತಿಂಗಳಿಗೆ ಗ್ಯಾಲಕ್ಸಿ ಎಸ್24ಕ್ಕೂ ಏಳು. ಅವು ದುಬಾರಿ. ನಮ್ಮಂಥವರಿಗೆ ಮುಖ್ಯವಾದದ್ದು 2024ರಲ್ಲಿ ಬಂದ ಗ್ಯಾಲಕ್ಸಿ ಎ16 5ಜಿ, 20 ಸಾವಿರದ ಒಳಗಿನ ಫೋನಿಗೆ ಆರು ವರ್ಷದ ಮಾತು ಕೊಟ್ಟರು. ನಾನು ಅದನ್ನೇ ಕೊಳ್ಳಿ ಅನ್ನುತ್ತಿಲ್ಲ, ಅದರ ವೇಗ ಸಾಧಾರಣ. ಅಂಗಡಿಗೆ ಹೋದಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಕೇಳುವ ಬದಲು 'ಎಷ್ಟು ವರ್ಷ ಅಪ್‌ಡೇಟ್, ಯಾವತ್ತಿನಿಂದ ಲೆಕ್ಕ' ಅಂತ ಕೇಳಿ. ಲೆಕ್ಕ ಶುರುವಾಗುವುದು ಮಾಡೆಲ್ ಬಂದ ದಿನದಿಂದ, ನೀವು ಕೊಂಡ ದಿನದಿಂದ ಅಲ್ಲ. ಆಫರ್‌ನಲ್ಲಿ ಎರಡು ವರ್ಷ ಹಳೆಯ ಮಾಡೆಲ್ ಹೊಡೆದುಕೊಂಡು ಬಂದರೆ ಎರಡು ವರ್ಷ ಹೋಯಿತು ಅಂತಲೇ.

ಕೊತ್ರೂಡ್ ಮಗಳು
ಈ ಭದ್ರತೆ ವಿಷಯಕ್ಕೆ ಒಂದು ಸೇರಿಸುತ್ತೇನೆ. ವಾಟ್ಸಾಪ್‌ನಲ್ಲಿ 'ಮದುವೆ ಕರೆಯೋಲೆ' ಅಂತ ಒಂದು ಫೈಲ್ ಬರುತ್ತದಲ್ಲ, ಕೊನೆಯಲ್ಲಿ ಎಪಿಕೆ ಅಂತ ಇರುತ್ತದೆ, ಅದು ಕರೆಯೋಲೆ ಅಲ್ಲ, ಎಸ್‌ಎಂಎಸ್ ಓದಿ ಓಟಿಪಿ ಕದಿಯುವ ಆಪ್. ಅಮ್ಮನಿಗೂ ಬಂದಿತ್ತು. 'ಯಾರ ಮದುವೆಯೋ ಏನೋ' ಅಂತ ಒತ್ತಿಯೇಬಿಟ್ಟಿದ್ದರು, ಪುಣ್ಯಕ್ಕೆ 'ಹೊರಗಿನ ಆಪ್ ಹಾಕಲು ಅನುಮತಿ ಕೊಡಿ' ಅನ್ನುವ ಹಂತದಲ್ಲಿ ನನ್ನನ್ನು ಕರೆದರು. ಐಫೋನ್‌ನಲ್ಲಿ ಆ ಫೈಲ್ ಏನೂ ಮಾಡುವುದಿಲ್ಲ. ಹಾಗಂತ ಅಮ್ಮನಿಗೆ ಐಫೋನ್ ಕೊಡಿಸಿಲ್ಲ. ಆಂಡ್ರಾಯ್ಡ್ 2014ರ 5ನೇ ಆವೃತ್ತಿಯಿಂದಲೇ ಮೆನು ಎಲ್ಲ ಕನ್ನಡದಲ್ಲಿ ಕೊಟ್ಟಿದೆ, ಅಮ್ಮ ಅದಕ್ಕೆ ಒಗ್ಗಿದ್ದಾರೆ. ಹೊಸದಾಗಿ ಎಲ್ಲ ಕಲಿಸುವವರು ಯಾರು? ನಾನೇ ತಾನೆ!

ವಾಸ್ಕೋ ಬಂದರು
ಹಿಂದಿನ ಆಪ್ ಎಲ್ಲ ತಳ್ಳಿ ತಳ್ಳಿ ಮುಚ್ಚಿದರೆ ಫೋನ್ ಫಾಸ್ಟ್ ಆಗುತ್ತದೆ ಅಂತಾರಲ್ರಿ, ನಾನು ದಿನಕ್ಕೆ ಹತ್ತು ಸಲ ಮಾಡುತ್ತೇನೆ. ಯಾರೂ ಅದನ್ನು ಹೇಳಲೇ ಇಲ್ಲ?

ಹಿಂಜವಡಿ ಹುಡುಗ
ಬಿಡ್ರಿ ಕಾಕಾ ಆ ಚಟ. ಮುಚ್ಚಿದ ಆಪ್ ಮತ್ತೆ ತೆರೆದಾಗ ಬುಡದಿಂದ ಶುರುವಾಗಬೇಕು, ಬ್ಯಾಟರಿ ಜಾಸ್ತಿ ಹೋಗುತ್ತದೆ. ಎರಡೂ ಕಡೆ ರ‍್ಯಾಮ್ ಸಾಲದಿದ್ದರೆ ಹಳೆಯದನ್ನು ಫೋನೇ ಹೊರಗೆ ಹಾಕುತ್ತದೆ. ಆಪ್ ಹೆಪ್ಪುಗಟ್ಟಿ ಕೂತಾಗ ಮಾತ್ರ ತಳ್ಳಿ.

ಕೆಲವು ಕಂಪನಿಗಳ ಆಂಡ್ರಾಯ್ಡ್‌ನಲ್ಲಂತೂ ಬ್ಯಾಟರಿ ಉಳಿಸುವ ಹೆಸರಿನಲ್ಲಿ ಬೇಕಾದದ್ದನ್ನೂ ಕೊಂದು ಹಾಕುತ್ತಾರೆ. ನನ್ನ ಹಿಂದಿನ ಫೋನಿನಲ್ಲಿ ಆಫೀಸಿನ ಸಂದೇಶಗಳು ನಾನು ಪರದೆ ಮುಟ್ಟಿದಾಗಲೇ ಒಟ್ಟಿಗೆ ಹನ್ನೆರಡು ಉದುರುತ್ತಿದ್ದವು. ಬಾಸ್‌ಗೆ 'ನೋಟಿಫಿಕೇಶನ್ ಬರಲಿಲ್ಲ' ಅಂದರೆ ನಂಬುತ್ತಾರಾ? ಆ ಆಪ್‌ಗೆ ಬ್ಯಾಟರಿ ನಿರ್ಬಂಧ ತೆಗೆದು ಆಟೋಸ್ಟಾರ್ಟ್ (ತಾನೇ ಶುರುವಾಗುವ ಅನುಮತಿ) ಕೊಟ್ಟ ಮೇಲೆ ಸರಿಹೋಯಿತು.

ಡೊಂಬಿವಲಿ ಫಾಸ್ಟ್
ಚಾರ್ಜ್ ಬಗ್ಗೆ ಒಂದು ಡೌಟ್ ಇದೆ, ರಿಪೇರಿ ಅಣ್ಣನಿಗೆ. 80%ಗೆ ನಿಲ್ಲಿಸಿ ಅಂತಾರೆ, ಐಫೋನ್ 15ರಿಂದ ಆ ಸೌಲಭ್ಯ ಇದೆ, ನನ್ನದರಲ್ಲಿ ಇಲ್ಲ. ಬೆಳಿಗ್ಗೆ 7:12ಕ್ಕೆ ಮನೆ ಬಿಟ್ಟು ರಾತ್ರಿ ಒಂಬತ್ತಕ್ಕೆ ಬರುವವಳಿಗೆ 80% ಎಲ್ಲಿ ಸಾಲುತ್ತದೆ?

ಲ್ಯಾಮಿಂಗ್ಟನ್ ರಿಪೇರಿ
ಸಾಲುವುದಿಲ್ಲ ಅಂದರೆ ನೂರು ತುಂಬಿಸಿ ಅಕ್ಕಾ. ಬ್ಯಾಟರಿ ಇರುವುದು ನಮಗಾಗಿ. ಐಫೋನ್ 14ರವರೆಗೆ 500 ಸುತ್ತು (ಪೂರ್ತಿ ಚಾರ್ಜ್ ಖಾಲಿ ಆದರೆ ಒಂದು ಸುತ್ತು) ಆದ ಮೇಲೂ ಹೊಸದರ 80% ಸಾಮರ್ಥ್ಯ ಉಳಿಯಬೇಕು ಅಂತ ಲೆಕ್ಕ, 15ರಿಂದ ಅದನ್ನು 1000 ಸುತ್ತು ಅಂದಿದ್ದಾರೆ. ಯುರೋಪಿನಲ್ಲಿ 2025ರ ಜೂನ್‌ನಿಂದ ಕಾನೂನೇ ಬಂದಿದೆ, ಅಲ್ಲಿ ಮಾರುವ ಹೊಸ ಮಾಡೆಲ್‌ಗಳು 800 ಸುತ್ತಿಗೆ 80% ಹಿಡಿಯಬೇಕು ಅಂತ. ಬ್ಯಾಟರಿಯನ್ನು ಕೊಲ್ಲುವುದು ಶಾಖ. ದಿಂಬಿನ ಕೆಳಗೆ ಇಟ್ಟು ಚಾರ್ಜ್ ಮಾಡುವುದು, ಚಾರ್ಜ್ ಹಾಕಿಕೊಂಡೇ ಮ್ಯಾಚ್ ನೋಡುವುದು. ಹಿಂದಿನ ಮುಚ್ಚಳ ಉಬ್ಬಿ ಎದ್ದಿದ್ದರೆ ಮಾತ್ರ ಅದೇ ದಿನ ತನ್ನಿ, ಮನೆಯಲ್ಲಿ ಒತ್ತಿ ಕೂರಿಸಲು ಹೋಗಬೇಡಿ. ಒಬ್ಬರು ಫೆವಿಕ್ವಿಕ್ ಹಾಕಿ ಅಂಟಿಸಿಕೊಂಡು ಬಂದಿದ್ದರು. ಹಾಕುವಾಗ ಅವರಿಗೆ ಧೈರ್ಯ ಇತ್ತು, ಬಿಚ್ಚುವಾಗ ನನ್ನ ಕೈ ನಡುಗಿತು.

ಮತ್ತೆ 'ಚಾರ್ಜಿಂಗ್ ಜ್ಯಾಕ್ ಹೋಗಿದೆ' ಅಂತ ಬರುವವರ ಫೋನಿನಲ್ಲಿ ಎಷ್ಟೋ ಸಲ ಬರೀ ಕಸ. ಫೋನ್ ಬಂದ್ ಮಾಡಿ ಮರದ ಟೂತ್‌ಪಿಕ್ ತುದಿ ಹಾಕಿ ಮೆಲ್ಲಗೆ ಎಳೆದರೆ ಪ್ಯಾಂಟಿನ ಜೇಬಿನ ನೂಲೆಲ್ಲ ಸೇರಿ ಒತ್ತಿ ಒತ್ತಿ ಬೂದು ಬಣ್ಣದ ಗಟ್ಟಿ ಚಕ್ಕೆ ಆಗಿರುತ್ತದೆ, ಉಗುರಿನಷ್ಟು. ಅದು ಹೊರಗೆ ಬಂದರೆ ಕೇಬಲ್ ಟಕ್ ಅಂತ ಕೂರುತ್ತದೆ. ಸೂಜಿ, ಪಿನ್ ಹಾಕಬೇಡಿ. ಇದಕ್ಕೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ.

ಗಲ್ಲಾಪೆಟ್ಟಿಗೆ, ಮಾಟುಂಗಾ
ಹತ್ತು ದಿನ ಆಯಿತು, ಹೇಳುತ್ತೇನೆ ಅಂದುಕೊಂಡು ಮರೆತೇ ಹೋಯಿತು.

ವಾಟ್ಸಾಪ್‌ನಿಂದ 21 ಜಿಬಿ ತೆಗೆದೆ. ಅದರಲ್ಲಿ ಅರ್ಧ ನಮ್ಮ ಊರಿನ ಯಕ್ಷಗಾನದ ವಿಡಿಯೋ, ಅಳಿಸಲು ಮನಸ್ಸಾಗದೆ ಮಗನ ಲ್ಯಾಪ್‌ಟಾಪ್‌ಗೆ ಹಾಕಿದೆ. ಎರಡು ರಾತ್ರಿ ಕಾದೆ. ಹದಿನೇಳು ಸೆಕೆಂಡ್ ಇದ್ದದ್ದು ಎಂಟಕ್ಕೆ ಬಂತು. ಸೋಮವಾರ ಮಧ್ಯಾಹ್ನ ಊಟದ ಗದ್ದಲ ಮುಗಿಸಿ ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಇಲ್ಲಿನ ಅಣ್ಣನ ಅಂಗಡಿ ಅಂತ ಗೊತ್ತಿಲ್ಲದೆ ಬೇರೆ ಕಡೆಯೇ ಹೋದೆನೋ ಏನೋ, ಬೇಸರ ಮಾಡಿಕೊಳ್ಳಬೇಡಿ. 1,100 ರೂಪಾಯಿ, ಮುಕ್ಕಾಲು ಗಂಟೆ. ತೆಗೆದ ಬ್ಯಾಟರಿಯನ್ನು ಕೈಗೆ ಕೊಟ್ಟು ತೋರಿಸಿದರು, ಮೆತ್ತಗೆ ಹಪ್ಪಳದ ಹಿಟ್ಟಿನ ಹಾಗೆ ಉಬ್ಬಿತ್ತು. ಈಗ ಐದು ಸೆಕೆಂಡ್, ಬಂದ್ ಆಗುವುದೂ ನಿಂತಿದೆ.

ಆದರೆ ಹಿಂಜವಡಿಯವರು ಹೇಳಿದ ಆ ತಾರೀಕು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಮಗನನ್ನು ಕರೆದುಕೊಂಡು ಹೋಗಿ, ಎಷ್ಟು ವರ್ಷ, ಯಾವತ್ತಿನಿಂದ ಅಂತ ಕೇಳಿದೆ. ಮೊದಲ ಅಂಗಡಿಯ ಹುಡುಗ ನನ್ನನ್ನೇ ನೋಡಿ 'ಅಂಕಲ್, ಕ್ಯಾಮೆರಾ ನೋಡಿ' ಅಂದ. ಎರಡನೇ ಅಂಗಡಿಯವನಿಗೆ ಗೊತ್ತಿತ್ತು. 8 ಜಿಬಿಯ ಆಂಡ್ರಾಯ್ಡ್ ತಂದೆ, ಇನ್ನೂ ಐದು ವರ್ಷಕ್ಕಿಂತ ಹೆಚ್ಚು ಕಾಲ ಅಪ್‌ಡೇಟ್ ಇದೆ. ಬ್ಯಾಂಕು, ಯುಪಿಐ ಎಲ್ಲ ಅದಕ್ಕೆ ಹೋಯಿತು. ಮಗ ದಾರಿಯುದ್ದಕ್ಕೂ ಮಾತಾಡಲಿಲ್ಲ, ದಾದರ್‌ನಲ್ಲಿ ವಡಾಪಾವ್ ಕೊಡಿಸಿದ ಮೇಲೆ ಸ್ವಲ್ಪ ಸರಿಹೋದ.

ಡೊಂಬಿವಲಿ ಫಾಸ್ಟ್
ಮಗನ ಪರವಾಗಿ ನನ್ನ ಖಂಡನೆ ಇರಲಿ :) ಹಳೆಯದನ್ನು ಏನು ಮಾಡಿದಿರಿ?

ಗಲ್ಲಾಪೆಟ್ಟಿಗೆ, ಮಾಟುಂಗಾ
ಸಿಮ್ ತೆಗೆದು, ಎಲ್ಲ ಅಳಿಸಿ, ಗಲ್ಲಾ ಹಿಂದಿನ ದೇವರ ಫೋಟೋ ಪಕ್ಕ ಇಟ್ಟಿದ್ದೇನೆ. ಬೆಳಿಗ್ಗೆ ಐದೂವರೆಗೆ ಶಟರ್ ಎತ್ತಿದ ಕೂಡಲೇ ಸುಪ್ರಭಾತ ಹಾಕುತ್ತದೆ. ಒತ್ತಿದ ತಕ್ಷಣ ಶುರು. ಹಾಲಿನವನೇ ಕೇಳಿದ, ಹೊಸ ಫೋನಾ ಅಂತ.